ನಾಲ್ಕು ಸಾಲಿನ ಶಿಫಾರಸು

ಪಾಟರಿ ಟೌನಿನ ಪಿಳ್ಳಪ್ಪನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಗಡಿಗೆ ಮಾರುವವನು ತನ್ನ ಗಡಿಗೆಯನ್ನು ತಾನು ಹೊಗಳಬಾರದು. ಕೊಳ್ಳುವವರು ಬಂದರೆ ಎರಡೂ ಕೈಯಲ್ಲಿ ಎತ್ತಿ ಅವರ ಮುಂದಿಡಬೇಕು, ಆಮೇಲೆ ಸುಮ್ಮನಿರಬೇಕು. ಅವರು ಬೆರಳು ಮಡಚಿ ತಟ್ಟಿ ನೋಡುತ್ತಾರೆ. ಬಿರುಕಿದ್ದರೆ ಬೊದ್ ಅನ್ನುತ್ತದೆ, ಗಟ್ಟಿಯಿದ್ದರೆ ಠಣ್ ಅನ್ನುತ್ತದೆ. ಗಡಿಗೆಗೇ ಬಾಯಿರುವಾಗ ಕುಂಬಾರನ ಬಾಯಿ ನಡುವೆ ಯಾಕೆ? ಪಿಳ್ಳಪ್ಪನ ಅಪ್ಪ ಮಾರಿದ್ದು ಹಾಗೆ, ಅವನಪ್ಪ ದಂಡಿನ ಬಿಳಿ ದೊರೆಗಳಿಗೆ ಹೂಕುಂಡ ಮಾರಿದ್ದೂ ಹಾಗೆ. ಪಕ್ಕದವರೆಲ್ಲ "ಬನ್ನಿ ಮೇಡಂ, ಫಸ್ಟ್ ಕ್ಲಾಸ್ ಮಾಲು" ಅಂತ ಗಂಟಲು ಹರಿದುಕೊಳ್ಳುತ್ತಿದ್ದರೆ ಪಿಳ್ಳಪ್ಪ ಮಾತ್ರ ಗುಡಿಯ ಮುಂದಿನ ಬಸವನ ಹಾಗೆ ಕೂತಿರುತ್ತಿದ್ದ. ಕೇಳಿದವರಿಗೆ ಒಂದೇ ಉತ್ತರ: "ಮಣ್ಣು ನಂದಲ್ಲ, ನೀರು ನಂದಲ್ಲ, ಬೆಂಕಿ ಮುನೇಶ್ವರಂದು. ನಾನೇನಂತ ಹೊಗಳ್ಕೊಳ್ಲಿ?"

ಆ ಮನೆಯಲ್ಲಿ ಬೆಳೆದ ಮಗಳು ಮೋನಿಷಾ. ಹೆಸರಿಟ್ಟವರು ಹೆರಿಗೆ ಆಸ್ಪತ್ರೆಯ ನರ್ಸಮ್ಮ. ತಾಯಿ ಪಿಳ್ಳಮ್ಮನಿಗೆ ಆ ಹೆಸರು ಮೂರು ವರ್ಷ ನಾಲಿಗೆಗೆ ಹತ್ತಲಿಲ್ಲ.

ಮೋನಿಷಾಗೆ ಆರು ವರ್ಷವಿದ್ದಾಗ ಮನೆಯಲ್ಲಿ ಇನ್ನೊಂದು ಹೆರಿಗೆಯಾಯಿತು. ಏಳೇ ತಿಂಗಳಿಗೆ ಬಂದುಬಿಟ್ಟ ಗಂಡುಮಗು. ಅಂಗೈಯಗಲ ಇತ್ತು. ಬೆಚ್ಚಗಿರಲಿ ಅಂತ ಹತ್ತಿಯಲ್ಲಿ ಸುತ್ತಿ, ಆರುತ್ತಿದ್ದ ಆವಿಗೆಯ ಗೋಡೆಯ ಪಕ್ಕ ಮೊರದಲ್ಲಿ ಮಲಗಿಸಿದರು. ಸಾವಿರ ಗಡಿಗೆ ಬೇಯಿಸಿದ ಆವಿಗೆ ಅದು. ಆ ಒಂದು ಜೀವವನ್ನು ಮಾತ್ರ ಎರಡು ದಿನಕ್ಕಿಂತ ಹೆಚ್ಚು ಕಾಯಲಾರದೆ ಹೋಯಿತು. ಮೊರದ ಪಕ್ಕ ಕೂತು ಉಸಿರು ಎಣಿಸುತ್ತಿದ್ದವಳು ಮೋನಿಷಾ. ಉಸಿರು ನಿಂತಾಗ ಯಾರಿಗೂ ಹೇಳದೆ ಇನ್ನೂ ಸ್ವಲ್ಪ ಹೊತ್ತು ತಾನೇ ಎಣಿಸುತ್ತಿದ್ದಳು.

ದೇವರು ಒಂದು ಕೈಯಲ್ಲಿ ಕಿತ್ತುಕೊಂಡರೂ ಇನ್ನೊಂದು ಕೈಯಲ್ಲಿ ದಾರಿ ತೋರಿಸುತ್ತಾನೆ ಅನ್ನುತ್ತಾರೆ. ಹುಡುಗಿ ಓದಿದಳು. ಡಾಕ್ಟರಾದಳು. ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಮಕ್ಕಳ ವಿಭಾಗದಲ್ಲಿ ಕಡೇ ವರ್ಷದ ಪಿ.ಜಿ. ವಿದ್ಯಾರ್ಥಿನಿ. ಆಗಲೇ ನೋಟೀಸ್ ಬೋರ್ಡಿಗೆ ಒಂದು ಕಾಗದ ಬಿತ್ತು. ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಉಳಿಸುವುದಕ್ಕೇ ಮೀಸಲಾದ ಇಂಗ್ಲೆಂಡಿನ ಒಂದು ಆಸ್ಪತ್ರೆ, ಪರದೇಶದ ಕಡೇ ವರ್ಷದ ವಿದ್ಯಾರ್ಥಿಗಳಿಗೆ ಒಂದು ವರ್ಷ ಕೈ ಹಿಡಿದು ಕೆಲಸ ಕಲಿಸುತ್ತದೆ. ಈ ಕಾಲೇಜಿಗೆ ಒಂದೇ ಜಾಗ. ಅಂಥ ವಿದ್ಯೆ ಆಗ ಊರಲ್ಲಿ ಬಲ್ಲವರು ಬೆರಳೆಣಿಕೆ. ಆ ಕಾಗದ ಓದುವಾಗ ಮೋನಿಷಾಳ ಕಣ್ಣಿಗೆ ಕಂಡದ್ದು ಇಂಗ್ಲೆಂಡಲ್ಲ, ಆ ಮೊರ.

ಅರ್ಜಿ ಹಾಕಿದವರು ಇಬ್ಬರು. ಇನ್ನೊಬ್ಬ ಕಶ್ಯಪ್, ಇಂದಿರಾನಗರದವನು. ಅಪ್ಪ ವಿಮಾ ಕಂಪನಿಯಲ್ಲಿ ಆಫೀಸರ್. ಹುಡುಗ ಒಳ್ಳೆಯವನು, ನಗಿಸುವವನು. ಇಬ್ಬರ ಮಾರ್ಕ್ಸೂ ಸರಿಸಮ. ಹಾಗಾಗಿ ಎಲ್ಲ ಭಾರ ವಿಭಾಗದ ಮುಖ್ಯಸ್ಥರ ಶಿಫಾರಸು ಪತ್ರದ ಮೇಲೆ ಬಿತ್ತು. ಆ ಆಸ್ಪತ್ರೆಯವರು ಒಂದೇ ಒಂದು ಕೇಳಿದ್ದರು: ಈ ವಿದ್ಯಾರ್ಥಿ ಕೆಲಸ ಮಾಡುವುದನ್ನು ನೀವು ಕಣ್ಣಾರೆ ಕಂಡ ಒಂದು ಸಂದರ್ಭ ಬರೆಯಿರಿ.

ಮುಖ್ಯಸ್ಥರು ಡಾಕ್ಟರ್ ಶ್ರೀನಿವಾಸಮೂರ್ತಿ. ಇಬ್ಬರನ್ನೂ ಕರೆದು, ಕನ್ನಡಕ ಒರೆಸುತ್ತಾ ಹೇಳಿದರು: "ನೋಡ್ರಪ್ಪ, ನಂಗೆಲ್ಲಿದೆ ಟೈಮು? ನಿಮ್ಮ ನಿಮ್ಮ ಕಾಗದ ನೀವೇ ಬರ್ಕೊಂಡು, ಟೈಪ್ ಮಾಡಿಸ್ಕೊಂಡ್ ಬನ್ನಿ. ಸೈನ್ ಹಾಕ್ಬಿಡ್ತೀನಿ."

ಇದೇನು ಹೊಸದಲ್ಲ. ಎಲ್ಲ ಕಡೆ ನಡೆಯುವ ಪದ್ಧತಿಯೇ. ಸಮುದ್ರದಾಚೆ ಕೂತು ಓದುವವರಿಗೆ ಮಾತ್ರ ಇದು ಗೊತ್ತಿಲ್ಲ. ಗುರುವಿನ ಬಾಯಿ ಶಿಷ್ಯನನ್ನು ಹೊಗಳಿತು ಅಂತ ಅವರು ನಂಬುತ್ತಾರೆ.

ಮಾರನೇ ದಿನ ಕ್ಯಾಂಟೀನಿನಲ್ಲಿ ಕಶ್ಯಪ್ ಖಾಲಿ ಹಾಳೆ ಹಿಡಿದುಕೊಂಡು ಬಂದ.

"ಮೋನಿ, ನೀನೇ ಕಾಪಾಡ್ಬೇಕು ಗುರು. ನನ್ನ ಬಗ್ಗೆ ನಾನೇ ಬರೆಯೋಕೆ ಕೂತ್ರೆ ನಗು ಬರತ್ತೆ. 'ಕಶ್ಯಪ್ ಅಂದ್ರೆ ಚಿನ್ನದ ತುಂಡು' ಅಂತ ಬರೆದೆ. ನಮ್ಮಮ್ಮ ಓದಿ, ಚಿನ್ನ ಮೊದಲು ಹಾಸಿಗೆ ಮಡಿಸಲಿ ಅಂದ್ಳು."

"ನನ್ನ ಕೈಲಿ ಯಾಕೋ ಬರೆಸ್ತೀಯ? ನಾನೂ ಅರ್ಜಿ ಹಾಕಿದೀನಿ, ಮರೆತ್ಯಾ?"

"ಗೊತ್ತಮ್ಮ. ಆದ್ರೆ ನಿನ್ನಷ್ಟು ಚೆನ್ನಾಗಿ ಈ ಕಾಲೇಜಲ್ಲಿ ಯಾರೂ ಬರೆಯಲ್ಲ. ಎರಡು ಮಸಾಲೆ ದೋಸೆ ಕೊಡಿಸ್ತೀನಿ."

ಬೇರೆ ಯಾರಾದರೂ ಆಗಿದ್ದರೆ ನಕ್ಕು ತಳ್ಳಿಹಾಕುತ್ತಿದ್ದರು. ಆದರೆ ಇನ್ನೊಬ್ಬರ ಗಡಿಗೆ ತಟ್ಟಿ, ಠಣ್ ಅಂದಾಗ 'ಗಟ್ಟಿ ಇದೆ' ಅನ್ನಲು ಆ ಮನೆಯಲ್ಲಿ ಯಾವ ತಡೆಯೂ ಇರಲಿಲ್ಲ. ಮೋನಿಷಾ ಬರೆಯಲು ಕೂತಳು. ಬರೆಯುತ್ತಾ ಬರೆಯುತ್ತಾ ಅವಳಿಗೆ ಒಂದು ಮಧ್ಯಾಹ್ನ ನೆನಪಾಯಿತು.

ಅದು ಏಪ್ರಿಲ್ ತಿಂಗಳು. ಹನ್ನೆರಡು ಗಂಟೆಗೆ ವಾರ್ಡಿನ ಕರೆಂಟು ಹೋಯಿತು. ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಉಸಿರಾಟದ ಯಂತ್ರದ ಮೇಲೆ ಒಂದು ಮಗುವಿತ್ತು, ಏಳು ತಿಂಗಳಿಗೇ ಹುಟ್ಟಿದ್ದು. ಯಂತ್ರ ನಿಂತರೆ ಕೈಯಿಂದ ಒತ್ತುವ ರಬ್ಬರಿನ ಗಾಳಿಚೀಲವೇ ಗತಿ. ಒತ್ತಬೇಕು, ಬಿಡಬೇಕು, ಎಣಿಸಬೇಕು, ನಿಮಿಷಕ್ಕೆ ನಲವತ್ತು ಸಲ. ಹನ್ನೆರಡರಿಂದ ಮೂರೂವರೆಯವರೆಗೆ ಮೋನಿಷಾ ಒತ್ತಿದಳು. ಬೆರಳು ಮರಗಟ್ಟಿದಾಗ ಕಶ್ಯಪ್ ಊಟದ ತಟ್ಟೆ ಬಿಟ್ಟು ಓಡಿಬಂದು ಚೀಲವನ್ನು ತನ್ನ ಕೈಗೆ ತೆಗೆದುಕೊಂಡ. ಐದಕ್ಕೆ ಶ್ರೀನಿವಾಸಮೂರ್ತಿಗಳು ವಾರ್ಡಿಗೆ ಬಂದಾಗ ಅವರ ಕಣ್ಣಿಗೆ ಬಿದ್ದದ್ದು ಕಶ್ಯಪ್. ಮೋನಿಷಾ ಆಗ ಮೂಲೆಯಲ್ಲಿ ಗೋಡೆಗೊರಗಿ ಕೈ ಉಜ್ಜಿಕೊಳ್ಳುತ್ತಿದ್ದಳು. ಕರೆಂಟು ಬಂತು. ಮಗು ಉಳಿಯಿತು.

ಅವಳು ಕಶ್ಯಪನ ಕಾಗದದಲ್ಲಿ, ಗುರುಗಳ ಬಾಯಲ್ಲಿ, ಹೀಗೆ ಬರೆದಳು: "ನಾನು ವಾರ್ಡಿಗೆ ಬಂದಾಗ ಆ ಮಗುವಿನ ಉಸಿರು ಈ ಹುಡುಗನ ಬೆರಳುಗಳಲ್ಲಿತ್ತು. ನಾನು ಬಂದದ್ದನ್ನು ಅವನು ನೋಡಲಿಲ್ಲ. ತಲೆ ಎತ್ತಿದರೆ ಎಣಿಕೆ ತಪ್ಪೀತು ಅಂತ ಅವನಿಗೆ ಗೊತ್ತಿತ್ತು." ಒಂದು ಮಾತೂ ಸುಳ್ಳಲ್ಲ.

ಕಶ್ಯಪ್ ಓದಿ ಗಂಭೀರನಾದ. "ಏ, ಅವತ್ತು ನೀನೂ ಇದ್ದೆ. ನನಗಿಂತ ಜಾಸ್ತಿ ಹೊತ್ತು ಒತ್ತಿದ್ದು ನೀನು."

"ಇದು ನಿನ್ನ ಕಾಗದ ಕಣೋ. ನಂದು ನನ್ನ ಕಾಗದದಲ್ಲಿ ಬರತ್ತೆ ಬಿಡು."

ಅವನು ಬಿಟ್ಟ.

ಆ ಸಂಜೆ ತನ್ನ ಕಾಗದಕ್ಕೆ ಕೂತಾಗಲೇ ಅವಳಿಗೆ ತಾನು ಏನು ಮಾಡಿಕೊಂಡೆ ಅನ್ನುವುದು ಅರ್ಥವಾಯಿತು. ಒಂದೇ ಗುರುವಿನ ಸಹಿ, ಒಂದೇ ಮಧ್ಯಾಹ್ನ, ಒಂದೇ ಮಗು, ಗಾಳಿಚೀಲ ಹಿಡಿದವರು ಮಾತ್ರ ಇಬ್ಬರು! ಓದುವವರು ಏನೆಂದುಕೊಳ್ಳುತ್ತಾರೆ? ಎರಡರಲ್ಲೊಂದು ಸುಳ್ಳು ಅನ್ನುತ್ತಾರೆ. ಅಥವಾ ಎರಡೂ. ಅವನ ಕಾಗದ ವಾಪಸ್ಸು ಕೇಳಿ ತಿದ್ದಬಹುದಿತ್ತು. ಕೊಟ್ಟದ್ದನ್ನು ಕೇಳುವುದು ಹೇಗೆ?

ಬೇರೆ ದಿನಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ಆದರೆ 'ಇವಳು' ಅಂತ ಬರೆದು ತನ್ನನ್ನೇ ಎತ್ತಿ ಹಿಡಿಯುವ ಪ್ರತಿ ಸಾಲಿನಲ್ಲೂ ಅವಳ ಪೆನ್ನು ಒದ್ದೆ ಮಣ್ಣಿನಲ್ಲಿ ಸಿಕ್ಕ ಕಾಲಿನ ಹಾಗೆ ನಿಂತುಬಿಡುತ್ತಿತ್ತು. ಬರೆದಳು, ಹೊಡೆದಳು, ಬರೆದಳು, ಹೊಡೆದಳು. ಗುರುಗಳಿಗೆ ನಾನು ಗೊತ್ತು, ಓದಿದಾಗ ಅವರೇ ಎರಡು ಮಾತು ಸೇರಿಸುತ್ತಾರೆ ಅಂದುಕೊಂಡಳು. ಕೊನೆಗೆ ನಾಲ್ಕು ಸಾಲು ಉಳಿಯಿತು: ಮೂರು ವರ್ಷ ನಮ್ಮಲ್ಲಿ ಓದಿದ್ದಾಳೆ. ಸಮಯಕ್ಕೆ ಬರುತ್ತಾಳೆ. ಹೇಳಿದ ಕೆಲಸ ಮಾಡುತ್ತಾಳೆ. ಕಲಿಯುವ ಆಸೆ ಇದೆ.

ರಸೆಲ್ ಮಾರುಕಟ್ಟೆಯ ಹಿಂದಿನ ಸಂದಿಯಲ್ಲಿ ಅಹ್ಮದ್ ಪಾಷಾನ ಟೈಪಿಂಗ್ ಅಂಗಡಿ. ಶಿವಾಜಿನಗರದಿಂದ ಗಲ್ಫಿಗೆ ಹೋದ ಅರ್ಧ ಜನರ ಅರ್ಜಿ ಅವನ ಬೆರಳಿನಿಂದಲೇ ಹೋದದ್ದು. ಕಶ್ಯಪನ ಹಾಳೆಯನ್ನು ಹಿಂದಿನ ದಿನವೇ ಟೈಪ್ ಮಾಡಿ ಮುಗಿಸಿದ್ದ. ಮೋನಿಷಾಳ ಹಾಳೆ ಹಿಡಿದು, ಹಿಂದೆ ಮುಂದೆ ತಿರುಗಿಸಿದ.

"ಇನ್ನೊಂದು ಹಾಳೆ ಎಲ್ಲಿ ಡಾಕ್ಟರಮ್ಮ?"

"ಇಷ್ಟೇ ಪಾಷಾ ಭಾಯ್."

"ಅರೆ ಅಲ್ಲಾ! ಇದು ಶಿಫಾರಸ್ಸಾ, ರಜಾ ಚೀಟಿನಾ?" ಅವನು ಕನ್ನಡಕದ ಮೇಲಿಂದ ನೋಡಿದ. "ನಿನ್ನೆ ಆ ಹುಡುಗ ತಂದಿದ್ದು ಒಂದೂವರೆ ಪೇಜು. ಟೈಪ್ ಮಾಡ್ತಾ ಮಾಡ್ತಾ ನನ್ನ ಕಣ್ಣಲ್ಲಿ ನೀರು ಬಂತು. ಇದು ನಾಲ್ಕು ಲೈನು. ಎರಡೂ ಒಂದೇ ಕೈಬರಹ. ಕ್ಯಾ ಹೈ ಯೇ, ಏನಮ್ಮಾ ಇದು?"

ಅವಳು ಪರ್ಸಿನಿಂದ ದುಡ್ಡು ತೆಗೆದು ಮೇಜಿನ ಮೇಲಿಟ್ಟಳು.

"ನಾನೇ ಹತ್ತು ಲೈನ್ ಹಾಕ್ಲಾ? ರೆಡಿ ಇಟ್ಟಿದೀನಿ. 'ಇಂಥ ಬುದ್ಧಿವಂತರನ್ನ ನನ್ನ ಸರ್ವೀಸಲ್ಲೇ ಕಂಡಿಲ್ಲ.' ಡ್ರೈವರಿಗೂ ಹಾಕ್ತೀನಿ, ಇಂಜಿನಿಯರಿಗೂ ಹಾಕ್ತೀನಿ."

"ಬೇಡ ಭಾಯ್. ಸಾರ್ ಓದ್ತಾರೆ. ಬೇಕಾದ್ದು ಅವರೇ ಸೇರಿಸ್ತಾರೆ."

ಪಾಷಾ ತಲೆಯಾಡಿಸಿ ನಾಲ್ಕು ಸಾಲು ಟೈಪ್ ಮಾಡಿದ. ಹಾಳೆ ತುಂಬಿದ ಹಾಗೆ ಕಾಣಲಿ ಅಂತ ಸಾಲುಗಳ ನಡುವೆ ತಾನಾಗಿಯೇ ಅಗಲ ಜಾಗ ಬಿಟ್ಟ. ದುಡ್ಡು ಮುಟ್ಟಲಿಲ್ಲ. "ಇದಕ್ಕೇನು ತಗೊಳ್ಳಲಿ, ಹೋಗಮ್ಮ," ಅಂದ.

ಶ್ರೀನಿವಾಸಮೂರ್ತಿಗಳು ಫೋನಿನಲ್ಲಿದ್ದರು. ಎರಡೂ ಕಾಗದ ಒಂದರ ಮೇಲೊಂದು ಮೇಜಿನ ಮೇಲಿದ್ದವು. ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡು, "ಹೂಂ, ಹೂಂ, ಮದುವೆ ಯಾವ ಛತ್ರದಲ್ಲಿ?" ಅನ್ನುತ್ತಾ ಒಂದಕ್ಕೆ ಸಹಿ ಹಾಕಿದರು, ಇನ್ನೊಂದಕ್ಕೂ ಹಾಕಿದರು. ಬೆರಳು ಮಡಚಿ ಒಂದು ಸಲವೂ ತಟ್ಟಲಿಲ್ಲ.

ಮೂರು ತಿಂಗಳಿಗೆ ಉತ್ತರ ಬಂತು. ಜಾಗ ಕಶ್ಯಪನಿಗೆ.

ಮುಖ್ಯಸ್ಥರು ಮೋನಿಷಾಳನ್ನು ಕರೆದು ಕೂರಿಸಿದರು. ಕೂರಿಸಿದ್ದು ಅದೇ ಮೊದಲು. "ನಿನ್ನ ಕಾಗದ ಸಪ್ಪೆ ಆಯ್ತಂತೆ ಕಣಮ್ಮ. ಅಭ್ಯರ್ಥಿ ಬಗ್ಗೆ ಗುರುಗಳಿಗೇ ಹೆಚ್ಚು ಹೇಳೋಕೆ ಇಷ್ಟವಿಲ್ಲ ಅನ್ಸುತ್ತೆ ಅಂತ ಬರೆದಿದಾರೆ."

"ಸೈನ್ ಹಾಕಿದ್ದು ನೀವು ಸಾರ್."

"ಬರ್ಕೊಂಡ್ ಬಂದಿದ್ದು ನೀನು." ಅವರು ಡ್ರಾಯರಿನಿಂದ ಒಂದು ನಕಲು ತೆಗೆದು ಅವಳ ಮುಂದೆ ತಳ್ಳಿದರು. "ತಗೋ, ಕಶ್ಯಪ್ ಬರೆದಿದ್ದು. ಕಾಗದ ಅಂದ್ರೆ ಇದು. ಮುಂದೆ ಎಲ್ಲಾದ್ರೂ ಅರ್ಜಿ ಹಾಕುವಾಗ ನೋಡಿ ಕಲಿತ್ಕೋ."

ಅವಳು ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು, "ಆಗ್ಲಿ ಸಾರ್," ಅಂದು ಎದ್ದಳು.

ಭಾನುವಾರ ಬೆಳಿಗ್ಗೆ ಕಶ್ಯಪ್ ಪಾಟರಿ ಟೌನಿಗೆ ಬಂದ. ಕೈಯಲ್ಲಿ ಸ್ವೀಟ್ ಬಾಕ್ಸು. ರಸ್ತೆಗೇ ಜೋಡಿಸಿದ್ದ ಗಡಿಗೆಗಳ ನಡುವೆ ಕಾಲಿಡಲು ಹೆದರುತ್ತಾ ಬಂದು ಪಿಳ್ಳಪ್ಪನ ಕಾಲಿಗೆ ನಮಸ್ಕಾರ ಮಾಡಿದ. ಪಿಳ್ಳಮ್ಮ ಕಾಫಿ ಕೊಟ್ಟಳು. ಹುಡುಗ ಲೋಟವನ್ನು ಹಾಗೇ ಕೆಳಗಿಟ್ಟ.

"ಇವಳಿಂದಲೇ ಅಂಕಲ್ ನಂಗೆ ಸಿಕ್ಕಿದ್ದು. ಅವರು ಬರೆದಿದಾರೆ, 'ತಲೆ ಎತ್ತಿದರೆ ಎಣಿಕೆ ತಪ್ಪೀತು' ಅನ್ನೋ ಮಾತು ಓದಿದ ಮೇಲೆ ಯಾರನ್ನ ಆರಿಸೋದು ಅನ್ನೋ ಪ್ರಶ್ನೆನೇ ಉಳೀಲಿಲ್ಲ ಅಂತ."

"ಯಾವ ಎಣಿಕೆ ಮಗಾ?" ಪಿಳ್ಳಪ್ಪ ಕೇಳಿದ.

ಕಶ್ಯಪ್ ಹೇಳಿದ. ಪೂರ್ತಿ ಹೇಳಿದ. ಮೂರೂವರೆಯವರೆಗೆ ಯಾರು, ಆಮೇಲೆ ಯಾರು ಅನ್ನುವುದನ್ನೂ ಬಚ್ಚಿಡಲಿಲ್ಲ. "ನಾನು ಅವತ್ತೇ ಅಂದೆ, ಇವಳು ಕೇಳ್ಲಿಲ್ಲ. ಅವರಿಗೆ ನಿಜ ಬರೆದುಬಿಡೋಣ ಅಂತ ಕೂತೆ ಅಂಕಲ್. ನಮ್ಮಪ್ಪ, ಕಾಗದ ನೀವೇ ಬರ್ಕೊಂಡಿದ್ದು ಅಂತ ಗೊತ್ತಾದ್ರೆ ಜಾಗ ಇಬ್ಬರಿಗೂ ಸಿಗಲ್ಲ, ಸಾರ್ ಹೆಸರೂ ಹೋಗತ್ತೆ ಅಂದ್ರು."

"ನಿಜ ತಾನೇ," ಅಂದಳು ಮೋನಿಷಾ. "ಹೋಗ್ ಬಾ ಕಣೋ. ಚೆನ್ನಾಗಿ ಕಲಿತ್ಕೊಂಡ್ ಬಾ."

ಅವನು ಹೋದ ಮೇಲೆ ಪಿಳ್ಳಪ್ಪ ತುಂಬಿದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಬೇಸಿಗೇಲಿ ಒಂದಿನ ಇವಳ ಬೆರಳು ಮಡಚಕ್ಕೇ ಆಗ್ದೆ ನೀನು ತುತ್ತು ತಿನ್ನಿಸಿದೆಯಲ್ಲ, ಅವತ್ತಾ?" ಅಂದ.

"ಅವತ್ತೇ. ಏನಾಯ್ತೇ ಅಂದ್ರೆ, ಬರೆದೂ ಬರೆದೂ ನೋವು ಅಂದ್ಳು."

"ಯಾಕಮ್ಮ ಹೇಳ್ಲಿಲ್ಲ?" ಅಂತ ಅವನು ಮಗಳನ್ನು ಕೇಳಿದ.

"ನೀನೇ ಅಲ್ವಾ ಅಪ್ಪ," ಅಂದಳು ಮೋನಿಷಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ತಟ್ಟಿ ನೋಡ್ತಾರೆ ಅಂದಿದ್ದು."

ಪಿಳ್ಳಪ್ಪ ಎದ್ದು ಗಡಿಗೆಗಳ ಬಳಿ ಹೋಗಿ ಕೂತ.

ಅಷ್ಟರಲ್ಲಿ ಒಬ್ಬ ಹೆಂಗಸು ಆಟೋ ಇಳಿದು ಬಂದಳು. ಕಮ್ಮನಹಳ್ಳಿ ಕಡೆಯವಳು, ಹೊಸ ಮನೆಯ ಗೃಹಪ್ರವೇಶಕ್ಕೆ ಗಡಿಗೆ ಬೇಕಾಗಿತ್ತಂತೆ. ಪಿಳ್ಳಪ್ಪ ಹಿಂದಿನ ಸಾಲಿನಿಂದ ಒಂದನ್ನು ಆರಿಸಿ ಎರಡೂ ಕೈಯಲ್ಲಿ ಎತ್ತಿ ಅವಳ ಮುಂದಿಟ್ಟ. ಅವಳು ಬೆರಳು ಮಡಚುವ ಮೊದಲೇ ಅವನ ಬಾಯಿ ತೆರೆಯಿತು.

"ಒಳ್ಳೇ ಗಡಿಗೆ ತಾಯಿ. ಬಲೇ ಗಟ್ಟಿ ಗಡಿಗೆ. ಇಂಥದ್ದು ಈ ಬೀದೀಲೇ ಇಲ್ಲ."

ಅರವತ್ತು ವರ್ಷ ಆಡದ ಮಾತು. ದನಿ ಒಡೆದು, ಕೊನೆಯಲ್ಲಿ ನಡುಗಿತು. ಒಳಗಿದ್ದ ಪಿಳ್ಳಮ್ಮ ಗಾಬರಿಯಿಂದ ಬಾಗಿಲಿಗೆ ಬಂದಳು. ಕೊಳ್ಳಲು ಬಂದವಳು ಒಂದು ಸಲ ಅವನ ಮುಖ ನೋಡಿದಳು, ಒಂದು ಸಲ ಗಡಿಗೆ ನೋಡಿದಳು. ಮಡಚಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಇಷ್ಟು ಹೊಗಳ್ತಿದೀರ ಅಂದ್ರೆ ಏನೋ ಐಬಿದೆ ಬಿಡಿ," ಅಂದು ಪಕ್ಕದ ಅಂಗಡಿಗೆ ನಡೆದಳು.

ಪಿಳ್ಳಪ್ಪ ಆ ಗಡಿಗೆಯನ್ನು ಮಡಿಲಿಗೆಳೆದುಕೊಂಡು ತಟ್ಟಿದ. ಠಣ್ ಅಂತು. ಇನ್ನೊಂದು ಸಲ ತಟ್ಟಿದ. ಬಾಗಿಲಲ್ಲಿ ನಿಂತ ಮೋನಿಷಾ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಅಪ್ಪ ನಿಲ್ಲಿಸಲಿಲ್ಲ.