ಮೆರಿಯಮ್‌ಳ ಎಂಜಲು ಯಾರ ಕೈಗೆ?

ಮೆರಿಯಮ್ ಸರಿಯಾಗಿ ಉಂಡು ಐದು ದಿನವಾಗಿತ್ತು. ಮಾತಿಲ್ಲ, ಕತೆಯಿಲ್ಲ. ನಾಲ್ಕು ತಿಂಗಳ ಮಗು ಅತ್ತರೂ ಎತ್ತಿಕೊಳ್ಳುತ್ತಿರಲಿಲ್ಲ. ಮೊದಲು ನಮ್ಮ ಟೊಂಗೋವಾ ದ್ವೀಪದ ದವಾಖಾನೆಯಲ್ಲಿ ಮನಸ್ಸಿನ ಕಾಯಿಲೆಗೆಂದು ಮಾತ್ರೆ ಕೊಟ್ಟಿದ್ದರು. ವಾರದೊಳಗೆ ಎದೆ ಡವಡವ, ತಲೆಸುತ್ತು. ನೀರಿನ ತೊಟ್ಟಿಯ ಬಳಿ ಕುಸಿದು ಬಿದ್ದಳು. ಅವಳ ತಾಯಿ ಲೇಪಾಕೋವಾ ಮಾತ್ರೆಗಳನ್ನೆಲ್ಲ ಬೇಲಿಯಾಚೆ ಎಸೆದಳು. ಪಕ್ಕದ ಮನೆಯವಳಾದ ನಾನೂ "ಒಳ್ಳೇದೇ ಮಾಡಿದೆ" ಎಂದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಆಗ ನಮ್ಮ ನರ್ಸ್ ಎವ್ಲಿನ್ ಬಂದಳು, ಜೊತೆಗೊಬ್ಬ ಸಂಶೋಧಕಿ, ಡಾಕ್ಟರ್ ರೆಬೆಕ್ಕಾ ಬೊಂಗ್. ಕೈಯಲ್ಲೊಂದು ಪುಟ್ಟ ಕೊಳವೆ.

"ಲೇಪಾ ಅಕ್ಕಾ, ಮಗಳ ಎಂಜಲು ಸ್ವಲ್ಪ ಬೇಕಿತ್ತು" ಎಂದಳು ಎವ್ಲಿನ್.

ಅಯ್ಯೋ ದೇವರೇ! ನಾವು ತಿಂದ ಹಣ್ಣಿನ ಸಿಪ್ಪೆಯನ್ನೂ ಸುಟ್ಟುಹಾಕುವವರು. ಎಂಜಲು ಸಿಕ್ಕರೆ ಮಾಟಗಾರನಿಗೆ ಮನುಷ್ಯನೇ ಸಿಕ್ಕಂತೆ.

"ಯಾವ ದ್ವೀಪದೋಳಮ್ಮಾ ನೀನು?" ಲೇಪಾಕೋವಾ ಕಣ್ಣು ಕಿರಿದು ಮಾಡಿ ಡಾಕ್ಟರನ್ನು ಕೇಳಿದಳು.

"ಆಂಬ್ರಿಮ್."

"ಸರಿಹೋಯ್ತು! ಮಾಟದ ದ್ವೀಪದೋಳು ಮನೆಬಾಗಿಲಿಗೇ ಬಂದು ಎಂಜಲು ಕೇಳ್ತಾಳಲ್ಲ!"

ಡಾಕ್ಟರ್ ನಕ್ಕುಬಿಟ್ಟಳು. "ನಮ್ಮೂರಲ್ಲೂ ಸಿಪ್ಪೆ ಸುಡ್ತೀವಿ ಅಮ್ಮಾ. ಅನುಮಾನ ಪಡಿ, ತಪ್ಪೇನಿಲ್ಲ. ಕೇಳೋದೆಲ್ಲ ಕೇಳಿ."

"ಆ ವಿಷ ಯಾಕೆ ಕೊಟ್ರಿ?"

"ವಿಷ ಅಲ್ಲ, ಅಳತೆ ಹೆಚ್ಚಾಗಿರಬಹುದು. ಒಂದೇ ಚಿಪ್ಪು ಕಾವಾ ಬೇರಿನ ರಸ ಕುಡಿದು ಒಬ್ಬ ನಗ್ತಾ ಕೂತಿರ್ತಾನೆ, ಇನ್ನೊಬ್ಬ ಬೇಲಿ ಹಿಡ್ಕೊಂಡು ಮನೆ ಸೇರ್ತಾನೆ, ಅಲ್ವಾ?"

"ಬೇಲಿ ಹಿಡಿಯೋನು ನಿನ್ನ ಗಂಡ" ಎಂದು ಲೇಪಾಕೋವಾ ನನ್ನನ್ನು ತಿವಿದಳು.

ಎವ್ಲಿನ್ ಹೇಳಿದಳು: "ಹಾಗೇನೇ, ಕೆಲವರ ಮೈ ಈ ಮಾತ್ರೆನ ನಿಧಾನಕ್ಕೆ ಕರಗಿಸುತ್ತೆ. ಮದ್ದು ಒಳಗೇ ಕೂಡ್ತಾ ಹೋಗುತ್ತೆ. ಹೆತ್ತವರಿಂದ ಬರೋ ಗುಣ ಅದು. ನಮ್ಮ ದ್ವೀಪಗಳಲ್ಲಿ ಅಂಥೋರು ತುಂಬ ಜನ. ಎಂಜಲು ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ."

"ಉಳಿದಿದ್ದು ಯಾರ ಪಾಲು?"

"ವಾಪಸ್ ತರ್ತೀನಿ, ನೀವೇ ಸುಡಿ" ಎಂದಳು ಡಾಕ್ಟರ್. "ಅದೂ ಮೆರಿಯಮ್ ಒಪ್ಪಿದ್ರೆ ಮಾತ್ರ."

"ಮಾತು ಯಾರು ಬೇಕಾದ್ರೂ ಆಡ್ತಾರೆ."

ಡಾಕ್ಟರ್ ಇನ್ನೊಂದು ಕೊಳವೆ ತೆಗೆದು, ತಾನೇ ಅದರಲ್ಲಿ ಉಗುಳಿ, ಮುಚ್ಚಳ ಬಿಗಿದು ಲೇಪಾಕೋವಾಳ ಕೈಗಿಟ್ಟಳು. "ನಿಮ್ಮ ಮಗಳದ್ದು ನನ್ನ ಹತ್ರ, ನನ್ನದು ನಿಮ್ಮ ಹತ್ರ."

ಆಂಬ್ರಿಮ್‌ನವಳು ಎಂಜಲು ಕೊಡುವುದೆಂದರೆ ಪ್ರಾಣವನ್ನೇ ಅಡವಿಟ್ಟಂತೆ. ಮೂಲೆಯಲ್ಲಿದ್ದ ಮೆರಿಯಮ್ ಕೈ ಚಾಚಿದಳು.

"ಕೊಡಿ" ಎಂದಳು.

ಉತ್ತರ ಬರುವವರೆಗೆ ಎವ್ಲಿನ್ ದಿನಾ ಬಂದು ಅವಳಿಗೆ ತುತ್ತು ತಿನ್ನಿಸಿದಳು. ಮೂರು ವಾರಕ್ಕೆ ಉತ್ತರ ಬಂತು: ನಿಧಾನಕ್ಕೆ ಕರಗಿಸುವ ಮೈಯೇ. ವೈದ್ಯರು ಕಡಿಮೆ ಅಳತೆಯಲ್ಲಿ ಮತ್ತೆ ಶುರುಮಾಡಿದರು. ತಲೆಸುತ್ತು ಬರಲಿಲ್ಲ. ಎರಡು ತಿಂಗಳಲ್ಲಿ ಮೆರಿಯಮ್ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನನ್ನೊಡನೆ ಜಗಳವಾಡುವಷ್ಟು ಗೆಲುವಾದಳು. ಹೇಳಿದಂತೆ ಡಾಕ್ಟರ್ ಅವಳ ಕೊಳವೆ ತಂದುಕೊಟ್ಟು, ತನ್ನದನ್ನು ಹಿಂದಕ್ಕೆ ಪಡೆದಳು.

ಲೇಪಾಕೋವಾ ಅದನ್ನು ಸುಡುತ್ತಾ ಮೆಲ್ಲಗೆ ಕೇಳಿದಳು: "ನನ್ನ ತಂಗಿಯೂ ಹೀಗೇ ತಲೆಸುತ್ತು ಅಂತ ಮಾತ್ರೆ ಬಿಟ್ಲು. ಅದೇ ವರ್ಷ ಹೋಗ್ಬಿಟ್ಲು. ಮಾಟ ಅಂದ್ವಿ. ಮಾಟ ಅಲ್ವಾ ಅದು?"

"ಗೊತ್ತಿಲ್ಲ ಅಮ್ಮಾ" ಎಂದಳು ಡಾಕ್ಟರ್. "ಯಾಕೆ ಹೀಗಾಯ್ತು ಅಂತ ಆಗ ಯಾರೂ ಕೇಳ್ಲಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಮನಸ್ಸಿನ ಮದ್ದು ಮೈಗೆ ಒಗ್ಗದಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಅದೇ ದಿನ ದವಾಖಾನೆಗೆ ಹೋಗಿ ಹೇಳಿ. ಎಂಜಲೋ ರಕ್ತವೋ ಕೇಳಿದರೆ ಅನುಮಾನ ಪಡಿ. ಎಲ್ಲಿಗೆ ಒಯ್ಯುತ್ತೀರಿ, ಯಾರು ನೋಡುತ್ತಾರೆ, ಕೊನೆಗೆ ಏನು ಮಾಡುತ್ತೀರಿ ಎಂದು ಬಾಯಿಬಿಟ್ಟು ಕೇಳಿ. ಬೇಡವೆನಿಸಿದರೆ ಬೇಡವೆನ್ನಿ. ಆದರೆ ಒಂದು ಮಾತೂ ಕೇಳದೆ ಬಾಗಿಲು ಹಾಕಬೇಡಿ. ಲೇಪಾಕೋವಾಳ ತಂಗಿಯ ಕಾಲಕ್ಕೆ ನಾವು ಮಾಟ ಎಂದುಬಿಟ್ಟು ಬಾಗಿಲು ಹಾಕಿದ್ದೆವು.