ಎಡೆಯ ಕೋಣೆಯ ಬಾಗಿಲು

ಬಾಗಿಲು ತಟ್ಟುವ ಚಾಳಿಯನ್ನು ಮೋನಿಕಾ ಐರ್ಲೆಂಡಿನಿಂದ ತಂದಿದ್ದಳು. ಅಲ್ಲಿ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ. ತಟ್ಟಬೇಕು, ಒಳಗಿನಿಂದ ದನಿ ಬರುವವರೆಗೆ ಕಾಯಬೇಕು, ಆಮೇಲೆ ಕಾಲಿಡಬೇಕು. ಆರು ವರ್ಷ ಹೀಗೇ ಮಾಡಿದ ಕೈ ಸುಮ್ಮನಿರುತ್ತದೆಯೇ? ಗುಬ್ಬಿಯ ಮನೆಗೆ ಬಂದ ಮೊದಲ ದಿನವೇ ಅಡುಗೆಮನೆಯ ಬಾಗಿಲು ತಟ್ಟಿದಳು. ಒಳಗಿದ್ದ ತಾಯಿ ಹೊಂಬಾಳಮ್ಮನ ಕೈಯಿಂದ ಸೌಟು ಬಿತ್ತು.

“ಮನೆಯೊಳ್ಗೆ ಬಾಗ್ಲು ತಟ್ಬೇಡ ಕಣೇ. ಅದು ಸತ್ತೋರಿಗೆ.”

ಅಯ್ಯೋ ಶಿವನೇ, ಹೌದಲ್ಲ! ಈ ಊರಲ್ಲಿ ಬದುಕಿರುವವರ ಬಾಗಿಲನ್ನು ಯಾರು ತಟ್ಟುತ್ತಾರೆ? ಪಕ್ಕದ ಮನೆಯವರು ಸೀದಾ ಒಲೆಯ ತನಕ ಬಂದು, ಇವತ್ತೇನು ಸಾರು ಅಂತ ಮುಚ್ಚಳ ತೆಗೆದು ನೋಡುತ್ತಾರೆ. ತಟ್ಟುವುದು ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಗೆ. ಹಿರಿಯರಿಗೆ ಎಡೆ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ, ಅವರು ಬಂದು ಉಂಡು ಹೋಗಲಿ ಅಂತ ಎಲ್ಲರೂ ಹೊರಗೆ ಕೂರಬೇಕು. ಆಮೇಲೆ ಮೂರು ಸಲ ತಟ್ಟಿ ಒಳಗೆ ಹೋಗಬೇಕು. ಹುಟ್ಟಿದಾಗಿನಿಂದ ನೋಡಿದ್ದರಿಂದ ಮೋನಿಕಾಳಿಗೆ ಇದು ವಿಚಿತ್ರ ಅನ್ನಿಸಿರಲಿಲ್ಲ. ಈಗ ಅನ್ನಿಸಿತು.

ಅವಳು ಬಂದದ್ದೂ ಆ ಎಡೆಗೇ. ಅಪ್ಪ ತಿಮ್ಮರಾಜು ಕುಣಿಗಲ್ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬಸ್ಸಿನ ಮೈಗೆ ಒಂದು ಸಲ ಬಡಿದರೆ ನಿಲ್ಲಿಸು. ಎರಡು ಸಲ ಬಡಿದರೆ ರೈಟ್, ಹೊರಡು. ಮಗಳು ಹತ್ತಿದ ಗಾಡಿಗಳನ್ನೆಲ್ಲ ಎರಡು ಬಡಿದೇ ಕಳಿಸಿದವನು, ಅವಳು ವಿದೇಶಕ್ಕೆ ಹೊರಟ ಕಾರನ್ನು ಮಾತ್ರ ಮುಟ್ಟಲಿಲ್ಲ. ಹೋಗಬೇಡ ಅಂದಿದ್ದ; ಅವಳು ಕೇಳಲಿಲ್ಲ. ಅವನು ಸತ್ತಾಗ ರಜೆ ಸಿಗದೆ ಬರಲೂ ಇಲ್ಲ. ಎರಡು ವರ್ಷದಿಂದ ಎಡೆಯ ಒಂದು ಅಗುಳೂ ಕದಲಿಲ್ಲ, ಅದು ನಿನ್ನ ಮೇಲಿನ ಮುನಿಸು, ನೀನೇ ಬಂದು ಬಡಿಸು ಎಂದು ತಾಯಿ ಫೋನಿನಲ್ಲಿ ಅತ್ತಿದ್ದಳು. ಮೋನಿಕಾ ನಂಬದಿದ್ದರೂ ಬಂದಳು. ಅಪ್ಪ ಕೋಪದಲ್ಲೇ ಹೋದನೇ ಎಂಬುದು ಅವಳನ್ನೂ ಒಳಗೊಳಗೇ ಕೊರೆಯುತ್ತಿತ್ತು.

ಅಮಾವಾಸ್ಯೆಯ ಮಧ್ಯಾಹ್ನ ಮುದ್ದೆ, ಕೋಳಿ ಸಾರು, ಹೊಸ ಪಂಚೆ, ಒಂದು ಕಟ್ಟು ಬೀಡಿ ಇಟ್ಟು ಬಾಗಿಲು ಮುಚ್ಚಿದಳು. ಕಿಟಕಿಯಿಲ್ಲದ ಕೋಣೆ, ಇದೊಂದೇ ಬಾಗಿಲು. ತಾಯಿ ಮಗಳು ಇಬ್ಬರೇ ಜಗಲಿಯಲ್ಲಿ ಸೂಟ್‌ಕೇಸಿನ ಪಕ್ಕ ಕೂತರು. ಐದು ಗಂಟೆಗೆ ಏರ್‌ಪೋರ್ಟಿಗೆ ಹೋಗುವ ಕಾರು ಬಂದು ಹಾರನ್ ಹೊಡೆಯಿತು. ಹೋಗಿ ಬಾಗಿಲು ತೆಗೆ ಎಂದಳು ತಾಯಿ.

ಮೂರು ಸಲ ತಟ್ಟಿದಳು. ತಟ್ಟಿದ ಕೂಡಲೇ ಒಳಹೋಗುವುದು ಪದ್ಧತಿ. ಸತ್ತವರ ಉತ್ತರಕ್ಕೆ ಯಾರಾದರೂ ಕಾಯುತ್ತಾರೆಯೇ? ಅಭ್ಯಾಸಬಲದಿಂದ ಅವಳ ಕಾಲು ಮಾತ್ರ ಹೊಸ್ತಿಲಲ್ಲೇ ನಿಂತಿತು. ಕಾದಳು.

ಒಳಗಿನಿಂದ ಬಾಗಿಲಿಗೆ ಒಂದು ಬಡಿತ ಬಿತ್ತು. ಅಂಗೈ ಅಗಲಿಸಿ ಬಡಿದ ಸದ್ದು.

ಹಿಂದೆಯೇ ಬಂದಿದ್ದ ಹೊಂಬಾಳಮ್ಮ ಅಳುತ್ತಲೇ ನಕ್ಕಳು. “ಬಂದವ್ರೆ ಕಣೇ. ಇನ್ನೂ ಉಣ್ತಾವ್ರೆ. ಬಾ, ಕೂತ್ಕೋ.”

ಅಪ್ಪ ಬಂದ ಎಂದು ಮೋನಿಕಾಳ ಜೀವ ಹಗುರಾಯಿತು. ಮರುಗಳಿಗೆಯೇ ನೆನಪಾಯಿತು, ಒಂದು ಬಡಿತ ಅಂದರೆ ನಿಲ್ಲಿಸು. ಎರಡನೇ ಬಡಿತಕ್ಕೆ ಕಿವಿಯಿಟ್ಟಳು. ಬಾಗಿಲ ಸಂದಿಯಿಂದ ಬೀಡಿ ಹೊಗೆಯ ವಾಸನೆ ಬಂತು. ಹೊರಗೆ ಡ್ರೈವರ್ ಮತ್ತೆ ಹಾರನ್ ಹೊಡೆದ.

“ರೈಟ್ ಅನ್ನೋಗಂಟ ಗಾಡಿ ಹೊರಡಾಂಗಿಲ್ಲ,” ಎಂದು ತಾಯಿ ಸೂಟ್‌ಕೇಸನ್ನು ಜಗಲಿಯಿಂದ ಒಳಗೆ ತಂದಿಟ್ಟಳು.

ಕಾರು ಹೋದ ಮೇಲೂ ಮೋನಿಕಾ ಆ ಬಾಗಿಲ ಮುಂದೆ ಕೂತೇ ಇದ್ದಳು. ಎರಡನೆಯದು ಬರಲಿಲ್ಲ.