ಇಪ್ಪತ್ತೊಂದನೆಯ ಸೂಡು

ತೊಂಬತ್ತೆಂಟರ ಮಾಘ ಮಾಸ. ಹೊತ್ತು ಮಾರುದ್ದ ಏರಿತ್ತು.

“ಏ ಮರೀ, ನಿನ್ನ ಮಗಳ ಬಾಯಿಗಿ ಬೀಗ ಹಾಕ್ತೀಯೊ ಇಲ್ಲೊ? ಸೂಡ ಕಟ್ಟಾಕ ಬಂದಾಳೊ, ಸಾಲಿ ನಡಸಾಕ ಬಂದಾಳೊ, ರಂಡಿ ಮಗಳು!”

ಬದುವಿನ ಮೇಲೆ ನಿಂತು ಶ್ರೀಶೈಲಗೌಡ ಒದರಿದ. ಜೋಳ ಕೀಳುತ್ತಿದ್ದ ಮರೆವ್ವ ತಲೆ ಎತ್ತಲಿಲ್ಲ. ಕಿತ್ತ ದಂಟನ್ನು ಕಂತೆ ಮಾಡಿ ಸೂಡು ಕಟ್ಟುತ್ತಿದ್ದ ಹತ್ತು ವರ್ಷದ ದಾನೇಶ್ವರಿ ಏಳರ ಮಗ್ಗಿಯನ್ನು ಅರ್ಧಕ್ಕೇ ನುಂಗಿಕೊಂಡಳು. ಬರುವ ಭಾನುವಾರ ಸಿಂದಗಿಯಲ್ಲಿ ವಸತಿ ಶಾಲೆಯ ಪರೀಕ್ಷೆ. ಪಾಸಾದರೆ ಊಟ, ಹಾಸಿಗೆ, ಪುಸ್ತಕ ಎಲ್ಲ ಸರ್ಕಾರದ್ದು. ನಪಾಸಾದರೆ ಈ ಹೊಲವೇ.

ಆ ಹೊಲದ ಪದ್ಧತಿ ಗೌಡನ ಅಜ್ಜನ ಕಾಲದ್ದು. ದಿನಕ್ಕೆ ನೂರು ಸೂಡು ಕಟ್ಟಿದರೆ ಆಳು ಮನೆಗೆ ಹೋಗಬಹುದು. ಇಪ್ಪತ್ತು ಸೂಡಿಗೆ ಒಂದು ಗುಂಪು. ಪ್ರತಿ ಗುಂಪಿನ ಮೇಲೊಂದು ಸೂಡು ದೇವರದು. ಅದನ್ನು ಕಟ್ಟಬೇಕು, ಇಡಬೇಕು, ಎಣಿಸಬಾರದು. ಎಣಿಸಿದರೆ ದೇವರು ಮುನಿಯುತ್ತಾನೆಂದು ಮರೆವ್ವನಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ದೇವರ ಬಣವೆ ಇರುತ್ತಿದ್ದದ್ದು ಗೌಡನ ದೊಡ್ಡ ಮನೆಯ, ವಾಡೆಯ ಹಿಂದೆ.

ಅಂದು ಹೊಲದಿಂದ ಶಾಲೆಗೆ ಹೋದಾಗ ಮಡಿವಾಳಪ್ಪ ಮಾಸ್ತರರು ಕೇಳಿದರು: “ಇಪ್ಪತ್ತ ಐದ್ಲೆ?”

“ನೂರಾ ಐದ್ರಿ,” ಎಂದಳು ದಾನೇಶ್ವರಿ.

ಅಂಗೈ ಮೇಲೆ ಛಡಿ ಬಿತ್ತು. “ಮತ್ತ ಹೇಳು.”

“ನೂರಾ ಐದ ಆಗ್ತಾವರಿ. ನಾ ಎಣಿಸೇನಿ.”

ಹತ್ತರ ತನಕ ಮಗ್ಗಿಯನ್ನು ಆಕೆ ಪುಸ್ತಕದಿಂದ ಕಲಿತಿದ್ದಳು. ಇಪ್ಪತ್ತರದನ್ನು ಅವ್ವ ಹೊಲದಲ್ಲಿ ಸೂಡಿನ ಗುಂಪುಗಳನ್ನು ತೋರಿಸಿ ಕಲಿಸಿದ್ದಳು.

ಸಂಜೆ ಮಾಸ್ತರರು ಕೇರಿಗೇ ಬಂದು, ಹೊಸ್ತಿಲ ಹೊರಗೆ ನಿಂತುಕೊಂಡು ಕೇಳಿದರು. “ಮರೆವ್ವಾ, ಈ ಲೆಕ್ಕ ಯಾರು ಕಲಿಸ್ಯಾರ?”

“ನಾನ್ರಿ. ತಪ್ಪೈತೇನ್ರಿ?”

“ದೇವರ ಸೂಡು ಹೊಲದಾಗ, ತಾಯಿ. ಪರೀಕ್ಷಾದಾಗ ಇಪ್ಪತ್ತಂದ್ರ ಇಪ್ಪತ್ತ.”

ಅವರು ಹೋದ ಮೇಲೆ ದಾನೇಶ್ವರಿ ಇದ್ದಿಲು ಹಿಡಿದು ಗೋಡೆಯ ಮೇಲೆ ಬರೆಯತೊಡಗಿದಳು.

“ಯವ್ವಾ, ದಿನಕ್ಕ ಐದ ಹೆಚ್ಚ ಕಟ್ತಿ. ಸುಗ್ಗಿ ಎಷ್ಟ ದಿನ?”

“ನಲವತ್ತ.”

“ನಲವತ್ತ ಐದ್ಲೆ ಇನ್ನೂರ. ಅಂದ್ರ ವರ್ಷಕ್ಕ ಎರಡ ದಿನದ ದುಡತ. ಎಷ್ಟ ವರ್ಷಾತು ನೀ ಕಟ್ಟಾಕತ್ತು?”

“ಲಗ್ನಾಗಿ ಬಂದಾಗಿಂದ... ಇಪ್ಪತ್ತ.”

“ಇಪ್ಪತ್ತ ಎರಡ್ಲೆ ನಲವತ್ತ. ಯವ್ವಾ, ಒಂದ ಸುಗ್ಗಿ ಪೂರಾ!”

ಮರೆವ್ವನ ಕೈಯಲ್ಲಿ ಊದುಗೊಳವೆ ಹಾಗೇ ಉಳಿಯಿತು. ಒಲೆ ಆರಿಹೋಯಿತು.

“ಅಳಸವಾ,” ಎಂದಳು ಕೊನೆಗೆ. “ಯಾರರ ನೋಡಿಗೀಡ್ಯಾರು.”

ಶನಿವಾರ ಹೊತ್ತು ಇಳಿಯುವಾಗ ಗೌಡ ಸೂಡು ನೋಡಲು ಬಂದ. ಅಂದು ಎಲ್ಲವನ್ನೂ ಕಟ್ಟಿ ಗುಂಪು ಹಾಕಿದವಳು ದಾನೇಶ್ವರಿ. ಐದು ಗುಂಪುಗಳಲ್ಲೂ ಇಪ್ಪತ್ತಿಪ್ಪತ್ತೇ ಇದ್ದವು.

“ದೇವರ ಸೂಡ ಎಲ್ಲಿ?”

“ಇಪ್ಪತ್ತ ಐದ್ಲೆ ನೂರ ಆದೂರಿ, ಗೌಡ್ರ,” ಎಂದಳು ಹುಡುಗಿ.

ಗೌಡ ಜೇಬಿನಿಂದ ಒಂದು ಕಾಗದ ತೆಗೆದ. ಕೇರಿಯವರ ಟಪಾಲನ್ನು ಅಂಚೆಯವನು ವಾಡೆಯಲ್ಲೇ ಕೊಟ್ಟು ಹೋಗುತ್ತಿದ್ದ. ದಾನೇಶ್ವರಿಯ ಹಾಲ್‌ಟಿಕೆಟ್ಟು ನಾಲ್ಕು ದಿನದಿಂದ ಆ ಜೇಬಿನಲ್ಲಿತ್ತು.

“ನಾಕ ಅಕ್ಷರ ಕಲತ ಕೂಡ್ಲೆ ಕೇರಿ ಸೂಳೆಮಗಳಿಗಿ ದೇವರು ಬ್ಯಾಡಾದನೇನು? ಐದ ಕಟ್ಟು. ಇಲ್ಲಂದ್ರ ಇದನ್ನ ಹರದು ಎಮ್ಮಿ ಬಾಯಾಗ ಇಡ್ತೇನಿ.”

ಮರೆವ್ವ ಮಗಳನ್ನು ಹಿಂದೆ ಸರಿಸಿ, ತಾನೇ ಕೂತು ಕಟ್ಟಿದಳು. ಮೊದಲನೆಯದನ್ನು ಗೌಡನ ಕಾಲ ಬಳಿ ಒಗೆದು ಇಡೀ ಹೊಲಕ್ಕೆ ಕೇಳುವಂತೆ ಕೂಗಿದಳು:

“ನೂರಾ ಒಂದು!”

ಸಾಲಿನಲ್ಲಿದ್ದವರ ಕೈ ನಿಂತವು.

“ನೂರಾ ಎರಡು! ನೂರಾ ಮೂರು!”

“ಬಾಯಿ ಮುಚ್ಚ, ಮರೀ. ದೇವರದು ಎಣಿಸಬಾರದು.”

“ದೇವರ ಬಂದು ಹೇಳಲ್ರಿ. ನೂರಾ ನಾಕು!”

ಐದನೆಯದಕ್ಕೆ ಪಕ್ಕದ ಸಾಲಿನಿಂದ ಸಾವಂತ್ರವ್ವನೂ ದನಿ ಕೂಡಿಸಿದಳು. ಮರೆವ್ವ ಕೈ ಚಾಚಿದಳು.

“ಚೀಟಿ ಕೊಡ್ರಿ.”

ಗೌಡ ಅದನ್ನು ಹೆಂಟೆಗಳ ನಡುವೆ ಎಸೆದ. “ನಾಳಿಂದ ಈ ಊರಾಗ ಯಾರ ಹೊಲಕ್ಕೂ ಕಾಲಿಡಬ್ಯಾಡ.”

ಭಾನುವಾರ ದಾನೇಶ್ವರಿ ಪರೀಕ್ಷೆ ಬರೆದಳು. ಸೋಮವಾರ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಸಾವಂತ್ರವ್ವ ಕೂಡ ಮರೆವ್ವನನ್ನು ಕಂಡು ಬೇರೆ ಓಣಿ ಹಿಡಿದಳು. ಮರುದಿನ ತಾಯಿ ಮಗಳು ಕಬ್ಬು ಕಡಿಯುವವರ ಟ್ರ್ಯಾಕ್ಟರ್ ಹತ್ತಿ ಕೂತಾಗ ಮಾಸ್ತರರು ಧೋತರ ಎತ್ತಿಕೊಂಡು ಓಡಿ ಬಂದರು.

“ಪಾಸಾದ್ರ ಪತ್ರ ಎಲ್ಲಿಗಿ ಕಳಸ್ಲಿ, ಮರೆವ್ವಾ?”

ಮರೆವ್ವ ಡ್ರೈವರನ ಕಡೆ ನೋಡಿದಳು.

“ಎಲ್ಲಿ ಕಬ್ಬ ಐತಿ ಅಲ್ಲಿಗಿ,” ಎಂದು ಅವನು ಗಾಡಿ ಚಾಲೂ ಮಾಡಿದ.

ಹಾಗೆ ಅವರಿಬ್ಬರೂ ಊರು ಬಿಟ್ಟರು. ಅಂದು ಮಂಗಳವಾರ.